ಎರಡು ಭಟ್ಟಿ ಹಚ್ಚಿಸಿದ ತಪ್ಪಿಗೆ ವೀಸಾ ಇಲ್ಲ

ಹೊರದೇಶದ ಉದ್ಯಮಿಗಳನ್ನು ಕೈಬೀಸಿ ಕರೆಯುವ, ಬಂದ ಮೇಲೆ ಕೈಬೀಸಿ ಕಳಿಸುವ ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನಮ್ಮ ದಾವಣಗೆರೆಯ ಫಿರ್ದೌಸ್ ಎಂಬ ಹೆಣ್ಣುಮಗಳಿಗೆ ನೀವೇ ಕೊಟ್ಟಿದ್ದ ಉದ್ಯಮಿ ವೀಸಾವನ್ನು ಮುಂದುವರಿಸುವುದಿಲ್ಲ ಎಂದು ಹೇಳಿದ್ದೀರಿ. ನೀವು ಕೊಟ್ಟ ಕಾರಣ, ಆಕೆ ನಿಮ್ಮ ದೇಶದಲ್ಲಿ ಯಾರಿಗೂ ಉದ್ಯೋಗ ಕೊಡಲಿಲ್ಲ ಎಂಬುದು. ಇದು ಸುಳ್ಳು. ಸುಳ್ಳು ಎಂಬ ಮಾತು ಒರಟಾಯಿತು ಎನಿಸಿದರೆ, ನಿಮಗೆ ಎಣಿಸಲು ಬರುವುದಿಲ್ಲ ಎಂದು ಓದಿಕೊಳ್ಳಿ. ಎರಡರಲ್ಲಿ ಯಾವುದು ಮರ್ಯಾದೆಯದೋ ಅದು ನಿಮ್ಮದಾಗಲಿ. ಆಕೆಯ ಮೇಲ್ಮನವಿ ಈಗ ನಿಮ್ಮ ಮೇಜಿನ ಮೇಲಿದೆ. ಈ ತಿಂಗಳೊಳಗೆ ನೀವು ಹೂಂ ಅನ್ನದಿದ್ದರೆ ಆಕೆ ತನ್ನ ಮಂಡಕ್ಕಿ ಭಟ್ಟಿಯನ್ನು ಆರಿಸಿ ಊರಿಗೆ ವಾಪಸು ಬರಬೇಕು.

ಪತ್ರ ಕನ್ನಡದಲ್ಲಿದೆ ಎಂದು ಗಾಬರಿಯಾಗಬೇಡಿ. ನಿಮ್ಮ ನಿಯಮಗಳನ್ನು ನಾವು ಹರಿಹರದ ವೀಸಾ ಸಲಹೆಗಾರ ಮಹೇಂದ್ರನಿಂದ ಓದಿಸಿ, ಅರ್ಥ ಹೇಳಿಸಿಕೊಂಡು, ಪ್ರತಿ ಪುಟಕ್ಕೂ ಅವನಿಗೆ ಚಹಾ ಕುಡಿಸಿದ್ದೇವೆ. ನೀವೂ ಯಾರಿಗಾದರೂ ಚಹಾ ಕುಡಿಸಿ ಇದನ್ನು ಓದಿಸಿಕೊಳ್ಳಿ. ನಿಮ್ಮ ದೇಶದ ಹೆಸರನ್ನು ಮಾತ್ರ ಬರೆದಿಲ್ಲ. ಮನವಿ ವಿಚಾರಣೆಯಲ್ಲಿರುವಾಗ ಹೆಸರು ಹಿಡಿದು ಬೈದರೆ ಹುಡುಗಿಗೆ ತೊಂದರೆಯಾಗುತ್ತದೆ ಎಂದು ಮಹೇಂದ್ರ ಹೇಳಿದ. ಹೆಸರು ಹೇಳದೆ ಬೈಯಲು ಅಡ್ಡಿಯಿಲ್ಲವಂತೆ.

ನಾನು ತೋಟಪ್ಪ. ಮಂಡಿಪೇಟೆಯಲ್ಲಿ ಮಂಡಕ್ಕಿಗೆ ಬೇಕಾದ ಅಕ್ಕಿಯ ಸಗಟು ವ್ಯಾಪಾರಿ. ಭಾನುವಳ್ಳಿ ಕಡೆಯ ಕಾಲುವೆ ಭತ್ತ ನನ್ನ ಅಂಗಡಿಯ ಮೂಲಕ ಅಕ್ಕಿಯಾಗಿ ಊರಿನ ಭಟ್ಟಿಗಳಿಗೆ ಹೋಗುತ್ತದೆ. ಮಂಡಕ್ಕಿ ಎಂದರೇನು ಎಂದು ನಿಮಗೆ ವಿವರಿಸಬೇಕಾಗಿ ಬಂದದ್ದು ನಿಮ್ಮ ದುರದೃಷ್ಟ. ಉಪ್ಪುನೀರು ಕುಡಿದ ಅಕ್ಕಿಯನ್ನು ಭಟ್ಟಿಯಲ್ಲಿ ಚೆನ್ನಾಗಿ ಕಾದ ಮರಳಿಗೆ ಸುರಿದರೆ ರೆಪ್ಪೆ ಬಡಿಯುವಷ್ಟರಲ್ಲಿ ಅರಳಿ ಹಗುರಾಗುತ್ತದೆ. ಜರಡಿ ಹಿಡಿದರೆ ಮರಳು ಕೆಳಗೆ, ಮಂಡಕ್ಕಿ ಮೇಲೆ. ಅದಕ್ಕೆ ಒಂದಿಷ್ಟು ಈರುಳ್ಳಿ, ಖಾರ, ಪಕ್ಕಕ್ಕೆ ಬಿಸಿ ಮೆಣಸಿನಕಾಯಿ ಬಜ್ಜಿ ಇದ್ದರೆ ನಮ್ಮೂರಲ್ಲಿ ಸಂಜೆಯಾಗುತ್ತದೆ. ಇಲ್ಲದಿದ್ದರೆ ಬರೀ ಕತ್ತಲಾಗುತ್ತದೆ.

ಫಿರ್ದೌಸ್ ಭಟ್ಟಿಯ ಮನೆಯಲ್ಲೇ ಹುಟ್ಟಿ ಬೆಳೆದವಳು. ಅವಳ ತಾಯಿ ಬೀಬಿಜಾನ್ ಇಂದಿಗೂ ಜರಡಿ ಹಿಡಿದು ನಿಂತರೆ ಎದುರು ಮಾತಾಡುವ ಧೈರ್ಯ ಯಾರಿಗೂ ಇಲ್ಲ. ಕೆಲವು ವರ್ಷಗಳ ಹಿಂದೆ ನಿಮ್ಮ ಸರ್ಕಾರ, ಹೊಸ ಉದ್ಯಮದ ಯೋಚನೆಯಿರುವವರು ಬನ್ನಿ, ನಮ್ಮ ನೆಲದಲ್ಲಿ ಬೇರು ಬಿಡಿ ಎಂದು ಜಗತ್ತಿಗೆಲ್ಲ ಸಾರಿತು. ನಿಮ್ಮಲ್ಲಿ ನೆಲೆಸಿದ ನಮ್ಮವರು ಹಡಗಿನಲ್ಲಿ ಬಂದ ಮೆತ್ತನೆಯ ಮಂಡಕ್ಕಿಯನ್ನು ಅಗಿಯುತ್ತಿದ್ದಾರೆ ಎಂಬ ಸುದ್ದಿ ಫಿರ್ದೌಸ್ ಕಿವಿಗೆ ಬಿದ್ದಿತ್ತು. ಅವಳಿಗೆ ಅದು ವ್ಯಾಪಾರದ ಅವಕಾಶದಂತೆ ಕಾಣಲಿಲ್ಲ, ಅನ್ಯಾಯದಂತೆ ಕಂಡಿತು. ಮನೆಯವರ ದುಡ್ಡು, ನನ್ನದೊಂದು ಪಾಲು, ಮಹೇಂದ್ರನ ಇಂಗ್ಲಿಷು, ಮೂರೂ ಸೇರಿ ಅರ್ಜಿಯಾಯಿತು. ನೀವು ಒಪ್ಪಿದಿರಿ. ಆಗ ನಿಮ್ಮನ್ನು ಇದೇ ಬಾಯಲ್ಲಿ ಹೊಗಳಿದ್ದೆ, ಅದೂ ನಿಮಗೆ ಗೊತ್ತಿರಲಿ.

ಅವಳು ಬಟ್ಟೆಯ ಜೊತೆಗೆ ಒಂದು ಚೀಲ ಮರಳನ್ನೂ ಒಯ್ದಿದ್ದಳು. ತುಂಗಭದ್ರೆಯ ಮರಳು, ತಾಯಿಯ ಭಟ್ಟಿಯಲ್ಲಿ ವರ್ಷಗಟ್ಟಲೆ ಕಾದು ಪಳಗಿದ್ದು. ನಿಮ್ಮ ವಿಮಾನ ನಿಲ್ದಾಣದಲ್ಲಿ ಅಧಿಕಾರಿಯೊಬ್ಬರು ಚೀಲ ಬಿಚ್ಚಿಸಿ, ನಮ್ಮ ದೇಶದಲ್ಲಿ ಮರಳಿಲ್ಲವೇ ಎಂದು ಕೇಳಿದರಂತೆ. "ಐತೆ ಸಾರ್, ಆದ್ರೆ ನಿಮ್ ಮರಳಿಗೆ ಇನ್ನಾ ಅನುಭವ ಇಲ್ಲ" ಎಂದಳಂತೆ ನಮ್ಮ ಹುಡುಗಿ, ಅಲ್ಲಿನ ಭಾಷೆಯಲ್ಲಿ ಹೇಗೆ ಹೇಳಿದಳೋ ದೇವರೇ ಬಲ್ಲ. ಹುಳುಹುಪ್ಪಟೆ ಇದ್ದರೆ ಎಂದು ಅವರ ಅನುಮಾನ. ಸಾವಿರ ಸಲ ಹುರಿದ ಮರಳಿನಲ್ಲಿ ಬದುಕುವ ಹುಳ ಸಿಕ್ಕಿದರೆ ಅದಕ್ಕೂ ಒಂದು ವೀಸಾ ಕೊಡಿ ಎಂದಳಂತೆ. ಪರೀಕ್ಷೆ ಮಾಡಿಸಿ ಬಿಟ್ಟರು. ನಿಮ್ಮ ಇಲಾಖೆಗಳಲ್ಲಿ ನಗಲು ಬರುವವರೂ ಇದ್ದಾರೆ ಎಂದು ನನಗೆ ಆವತ್ತು ತಿಳಿಯಿತು.

ಭಟ್ಟಿ ಹತ್ತಿತು. ನಮ್ಮವರು ಬಂದರು, ಆಮೇಲೆ ನಿಮ್ಮವರೂ ಬಂದರು. ನಿಯಮದಂತೆ ಇಬ್ಬರು ಸ್ಥಳೀಯರನ್ನು ಕೆಲಸಕ್ಕೆ ಇಟ್ಟುಕೊಂಡಳು. ಒಬ್ಬಾಕೆ ಮುಚ್ಚಿಹೋದ ಬೇಕರಿಯೊಂದರಿಂದ ಬಂದವಳು, ಮತ್ತೊಬ್ಬ ಎಲ್ಲಿಯೂ ನಿಲ್ಲದ ತರುಣ. ಅವರ ಹೆಸರು ಬರೆಯುವುದಿಲ್ಲ, ನೀವು ಅವರ ಮನೆಗೂ ಹೋದೀರಿ. ಇಬ್ಬರೂ ಕಲಿತರು, ಚೆನ್ನಾಗಿಯೇ ಕಲಿತರು. ಅಲ್ಲಿಗೆ ಫಿರ್ದೌಸ್‌ಳ ಗ್ರಹಚಾರ ಶುರುವಾಯಿತು.

ಏಕೆಂದರೆ ನಮ್ಮ ಭಟ್ಟಿಗಳ ಓಣಿಯಲ್ಲಿ ಒಂದು ಪದ್ಧತಿಯಿದೆ. ಕೈಕೆಳಗಿದ್ದವರಿಗೆ ಕೈ ಕುದುರಿತು ಎಂದರೆ ಅವರನ್ನು ಕೂಲಿಯಾಗಿಯೇ ಇಟ್ಟುಕೊಳ್ಳುವಂತಿಲ್ಲ. ಒಡತಿಯೇ ಮುಂದೆ ನಿಂತು, ಅಕ್ಕಪಕ್ಕದಲ್ಲಿಯೇ ಜಾಗ ನೋಡಿ, ಅವರಿಗೊಂದು ಭಟ್ಟಿ ಹಚ್ಚಿಸಿಕೊಡಬೇಕು. ತನ್ನ ಪಳಗಿದ ಮರಳಿನಲ್ಲಿ ಒಂದು ಪಾಲು ತೆಗೆದು ಹೊಸ ಭಟ್ಟಿಗೆ ಸುರಿಯಬೇಕು. ಹೊಸ ಮರಳು ಹಳೆಯದರ ಜೊತೆ ಬೆರೆತು ಕಲಿಯುತ್ತದೆ. "ಕೈ ಕಲ್ತ ಮ್ಯಾಲೂ ಇಟ್ಕಂಡ್ರೆ ಪಾಪ ಸುತ್ಕಂತೈತ್ರಿ ತೋಟಪ್ಪಾರೆ" ಎನ್ನುತ್ತಾರೆ ಬೀಬಿಜಾನ್. ಇದರಲ್ಲಿ ಧರ್ಮ ಎಷ್ಟೋ ವ್ಯಾಪಾರವೂ ಅಷ್ಟೇ. ಒಂದೇ ಭಟ್ಟಿಯಿದ್ದರೆ ಗಿರಾಕಿ ದಾರಿ ತಪ್ಪುತ್ತಾನೆ, ನಾಲ್ಕಿದ್ದರೆ ಹೊಗೆ ನೋಡಿಕೊಂಡೇ ಬರುತ್ತಾನೆ. ಫಿರ್ದೌಸ್ ಅಲ್ಲಿಯೂ ಹಾಗೆಯೇ ಮಾಡಿದಳು. ಬೇರೆ ಹೇಗೆ ಮಾಡುವುದು ಎಂದು ಅವಳಿಗೆ ಯಾರೂ ಕಲಿಸಿರಲಿಲ್ಲ. ಅದೇ ಬೀದಿಯಲ್ಲಿ ಬೇಕರಿಯ ಹೆಣ್ಣುಮಗಳದೊಂದು ಭಟ್ಟಿ, ಆ ತರುಣನದೊಂದು. ಇಬ್ಬರೂ ಈಗ ಸಹಾಯಕರನ್ನು ಇಟ್ಟುಕೊಂಡಿದ್ದಾರೆ.

ವೀಸಾ ಮುಂದುವರಿಸಲು ನಿಮ್ಮ ಪರಿಶೀಲಕರು ಬಂದರು. ಕೆಲಸಗಾರರು ಎಲ್ಲಿ ಎಂದು ಕೇಳಿದರು. ಬುದ್ಧಿವಂತಳಾಗಿದ್ದರೆ ಊಟಕ್ಕೆ ಹೋಗಿದ್ದಾರೆ ಅನ್ನುತ್ತಿದ್ದಳು. ಈ ಪುಣ್ಯಾತ್ಗಿತ್ತಿ ಅವರನ್ನು ಬಾಗಿಲಿಗೆ ಕರೆದುಕೊಂಡು ಹೋಗಿ, ಅಗೋ ಅದು ಅವಳ ಭಟ್ಟಿ, ಇಗೋ ಇದು ಇವನದು ಎಂದು ಮಗಳ ಮದುವೆಯ ಚಪ್ಪರ ತೋರಿಸುವವಳಂತೆ ತೋರಿಸಿದ್ದಾಳೆ. ಅವರು ತಲೆಯಾಡಿಸಿ, ಉದ್ಯೋಗಿಗಳು ಸೊನ್ನೆ ಎಂದು ಬರೆದುಕೊಂಡು ಹೋದರು. ಮಂಡಕ್ಕಿಯ ಪೊಟ್ಟಣವನ್ನೂ ಒಯ್ದರು ಎಂದು ಕೇಳಿದೆ. ಈ ಸುದ್ದಿ ತಿಳಿದು ಮಹೇಂದ್ರ ಹಣೆ ಚಚ್ಚಿಕೊಂಡ. "ಕೆಲ್ಸಗಾರ್ರು ಓಡಿ ಹೋಗ್ದಂಗೆ ಕಾಯೋರ್ನ ಕಂಡೀನ್ರಿ. ಮುಂದ ನಿಂತು ಮಾಲೀಕ್ರನ್ನ ಮಾಡಿ ಕಳ್ಸೋರ್ನ ಇದಾ ಫಸ್ಟ್ ನೋಡಿದ್ದು" ಎಂದ.

ನಿಮ್ಮ ನಿರಾಕರಣೆಯಲ್ಲಿ ಸಾಲಿಗೊಂದು ಸಲ ‘ಸುಸ್ಥಿರ’ ಎಂಬ ಮಾತು ಬಂದಿದೆ. ಆಕೆಯ ಉದ್ಯಮ ಸುಸ್ಥಿರವಲ್ಲವಂತೆ. ಸ್ವಾಮಿ, ಆಕೆ ಬಂದಾಗ ಇದ್ದ ನಿಯಮ, ಉದ್ಯಮ ನಡೆಯುತ್ತಿರಬೇಕು, ಇಬ್ಬರನ್ನು ಕೆಲಸಕ್ಕೆ ಇಟ್ಟುಕೊಂಡಿರಬೇಕು ಎಂಬುದು. ನಡುವೆ ಒಂದು ದಿನ, ಆ ಇಬ್ಬರು ವೀಸಾ ಮುಗಿಯುವ ತನಕ ಅಲ್ಲೇ ಇರಬೇಕು ಎಂದಾಯಿತು. ಈಗ ಈ ಯೋಜನೆಯನ್ನೇ ಮರುಪರಿಶೀಲಿಸುತ್ತಿದ್ದೀರಂತೆ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ, ಬಂದಾಗ ಹಿಡಿದುಕೊಂಡರಾಯಿತು ಎಂಬ ಧೈರ್ಯವೇ? ಅವಳ ಭಟ್ಟಿಯ ಉರಿ ಹಚ್ಚಿದಂದಿನಿಂದ ಒಂದೇ ಸಮನಿದೆ. ನಿಮ್ಮ ನೀತಿ ಅಷ್ಟರಲ್ಲಿ ಎರಡು ಸಲ ಮಗ್ಗುಲು ಬದಲಿಸಿದೆ. ಸುಸ್ಥಿರವಲ್ಲದ್ದು ಯಾವುದು?

ಅವಳು ಹೋದ ವಿಮಾನದಲ್ಲೇ ಒಬ್ಬ ಸಾಹುಕಾರರೂ ನಿಮ್ಮ ದೇಶಕ್ಕೆ ಬಂದಿದ್ದರು, ಅವರು ಹೂಡಿಕೆದಾರರ ಸಾಲಿನಲ್ಲಿ. ಒಂದು ದೊಡ್ಡ ಕಟ್ಟಡ ಕೊಂಡು, ಬೀಗ ಹಾಕಿ, ಬೆಲೆ ಏರಲಿ ಎಂದು ಕಾಯುತ್ತಿದ್ದಾರೆ. ಬೀಗ ಕಾಯಲು ಇಬ್ಬರು ಕಾವಲುಗಾರರಿದ್ದಾರೆ. ಆದ್ದರಿಂದ ಎರಡು ಉದ್ಯೋಗ, ಆದ್ದರಿಂದ ಅವರಿಗೆ ಕಾಯಂ ವಾಸದ ಹಕ್ಕು. ಆ ಕಾವಲುಗಾರರು ಎಂದಾದರೂ ಸ್ವಂತ ಕಟ್ಟಡ ಕಟ್ಟಿಯಾರು ಎಂಬ ಭಯ ಯಾರಿಗೂ ಇಲ್ಲ. ನಿಮ್ಮ ನೀತಿಗೆ ಇಂಥ ಉದ್ಯೋಗವೇ ಇಷ್ಟ ಎಂದು ಕಾಣುತ್ತದೆ.

ಇಷ್ಟೆಲ್ಲ ಹೇಳಲು ಮಂಡಿಪೇಟೆಯವನಿಗೆ ಏನು ಅಧಿಕಾರ ಎಂದು ಕೇಳಬಹುದು. ನಮ್ಮ ಪೇಟೆಯಲ್ಲಿ ಮೂಲನಿವಾಸಿಗಳನ್ನು ಹುಡುಕಿದರೆ ಬಹುಶಃ ಹೆಗ್ಗಣಗಳು ಮಾತ್ರ ಸಿಗುತ್ತವೆ. ಉಳಿದವರೆಲ್ಲ ಎಲ್ಲೆಲ್ಲಿಂದಲೋ ಬಂದವರು. ಹತ್ತಿ ಗಿರಣಿಗಳ ಕಾಲದಲ್ಲಿ ಬಂದವರ ಮಾತು ಒಂದೊಂದು ಅಂಗಡಿಯಲ್ಲಿ ಒಂದೊಂದು. ನನ್ನ ಅಜ್ಜನೂ ಗದಗದ ಕಡೆಯಿಂದ ಬಂದವನು, ಒಬ್ಬ ಸಾಬರ ಅಂಗಡಿಯ ಕಟ್ಟೆಯ ಮೇಲೆ ಅಕ್ಕಿ ಚೀಲ ಇಟ್ಟುಕೊಂಡು ಕುಳಿತವನು. ಕಟ್ಟೆಯ ಒಡೆಯರು, ಎಷ್ಟು ಜನರಿಗೆ ಕೆಲಸ ಕೊಡುತ್ತೀ ಎಂದು ಕೇಳಲಿಲ್ಲ. "ನೆರಳೈತೆ, ಕೂಡ್ರಿ" ಎಂದರಂತೆ. ನಮ್ಮ ಪೇಟೆಯ ವಲಸೆ ನೀತಿ ಅಷ್ಟೇ. ಅದನ್ನು ಮರುಪರಿಶೀಲಿಸಬೇಕೆಂದು ಈವರೆಗೆ ಯಾರಿಗೂ ಅನ್ನಿಸಿಲ್ಲ.

ಇನ್ನು ನಾನು ಈ ಪತ್ರ ಬರೆಯಲು ಕುಳಿತ ಕಾರಣ. ಹೋದ ವಾರ ಫಿರ್ದೌಸ್ ಫೋನ್ ಮಾಡಿದಳು.

"ಕಾಕಾ, ಅವ್ರಿಬ್ರೂ ಬಂದು ಕುಂತಾರೆ. ನಮ್ ಭಟ್ಟಿ ಮುಚ್ಚಿ ಮತ್ತೆ ನಿನ್ ಹತ್ರಾನೇ ಕೂಲಿಗೆ ಬರ್ತೀವಿ, ಇಬ್ರು ಆದಂಗಾತು, ನಿಂಗೆ ವೀಸಾ ಸಿಗ್ತೈತೆ ಅಂತಾರೆ."

ನಾನು ವ್ಯಾಪಾರಿ. ತಕ್ಷಣ ಹೇಳಿದೆ: "ಹೂಂ ಅಂದ್ಬಿಡವ್ವಾ. ವೀಸಾ ಬರ್ಲಿ, ಆಮ್ಯಾಲೆ ಮತ್ತೆ ಹಚ್ಚಿಸಿಕೊಟ್ರಾತು."

"ಬ್ಯಾಡ ಕಾಕಾ. ಕೊಟ್ಟ ಮರಳು ವಾಪಸ್ ಹೆಂಗ್ ಇಸ್ಕಳ್ಳದು? ಬೇಕರಿಯಾಕಿ ತನ್ ಭಟ್ಟಿ ಮುಂದ ಮಗಳ ಹೆಸ್ರು ಬರ್ಸ್ಯಾಳ. ಅದ್ನ ಆರ್ಸು ಅಂತ ನಾ ಹೆಂಗ್ ಹೇಳ್ಲಿ? ಅಮ್ಮಿಗೆ ಗೊತ್ತಾದ್ರೆ ಮನಿ ಒಳಗ ಕರ್ಕಂತಾಳೇನು?"

ನನಗೆ ನಾಚಿಕೆಯಾಯಿತು, ಆಮೇಲೆ ನಿಮ್ಮ ಮೇಲೆ ಸಿಟ್ಟು ಬಂತು. ನಿಮ್ಮ ನಿಯಮ ಪಾಲಿಸಬೇಕೆಂದರೆ ಓಡುತ್ತಿರುವ ಎರಡು ಉದ್ಯಮಗಳನ್ನು ಮುಚ್ಚಬೇಕು, ನಿಮ್ಮದೇ ದೇಶದ ಇಬ್ಬರು ಮಾಲೀಕರು ಮತ್ತೆ ಕೂಲಿಯಾಗಬೇಕು, ಅವರ ಸಹಾಯಕರು ಮನೆಗೆ ಹೋಗಬೇಕು. ಆಗ ನೀವು ಎರಡು ಉದ್ಯೋಗ ಸೃಷ್ಟಿಯಾಯಿತು ಎಂದು ಬರೆದುಕೊಳ್ಳುತ್ತೀರಿ. ನೀತಿ ಮಾಡುವವರೇ, ಇದನ್ನು ಬರೆದ ಮಹಾನುಭಾವರು ಯಾವತ್ತಾದರೂ ಯಾರಿಗಾದರೂ ಏನನ್ನಾದರೂ ಕಲಿಸಿದ್ದಾರೆಯೇ?

ನನ್ನ ಒತ್ತಾಯ ಇಷ್ಟೇ. ಫಿರ್ದೌಸ್ ಬೆಳೆಸಿ ಕಳಿಸಿದವರನ್ನೂ ಅವರು ಕೆಲಸ ಕೊಟ್ಟವರನ್ನೂ ಆಕೆಯ ಹೆಸರಿಗೆ ಎಣಿಸಿ, ವೀಸಾ ಮುಂದುವರಿಸಿ. ಬಂದವರು ಬಂದಾಗ ಇದ್ದ ನಿಯಮವನ್ನು ಅವರು ಇರುವಷ್ಟು ಕಾಲ ಬದಲಿಸಬೇಡಿ. ಇದು ನಿಮ್ಮಿಂದ ಆಗುವುದಿಲ್ಲ ಎಂದರೆ, ಕಾಗದದಲ್ಲಿ ಹೇಳಿ ಕಳಿಸಬೇಡಿ. ನೀವೇ ಆ ಬೀದಿಗೆ ಹೋಗಿ. ಆ ಎರಡು ಭಟ್ಟಿಗಳಲ್ಲಿ ಮೊದಲು ಯಾವುದರ ಉರಿ ಆರಿಸಬೇಕು ಎಂದು, ಬೇಕರಿಯ ಹೆಣ್ಣುಮಗಳ ಮುಂದೆ ನಿಂತು, ಅವಳ ಮಗಳು ಕೇಳಿಸಿಕೊಳ್ಳುವ ಹಾಗೆ, ನಿಮ್ಮ ಬಾಯಿಂದಲೇ ಹೇಳಿ. ಫಿರ್ದೌಸ್ ಅಂತೂ ಹೇಳುವುದಿಲ್ಲ.

ಇಂತಿ,
ಕೆಲಸ ಕಲಿತ ಗುಮಾಸ್ತ ಎದುರಿಗೇ ಅಂಗಡಿ ಇಟ್ಟಿದ್ದರಿಂದ
ಈ ವಯಸ್ಸಿನಲ್ಲಿ ತನ್ನ ಚೀಲ ತಾನೇ ಹೊರುತ್ತಿರುವ,
ತೋಟಪ್ಪ
ಮಂಡಿಪೇಟೆ, ದಾವಣಗೆರೆ