ನಕ್ಷತ್ರ ಬೇಡವೆಂದ ಪಡೆಬಿಷಪ್

ತೇಲುಪಾಳ್ಯ, ಕಾರವಾರದಾಚೆ
೨೧೮೭, ಹದಿಮೂರನೆಯ ತಿಂಗಳು, ಎಂಟನೆಯ ದಿನ

ನೂರೈವತ್ತು ವರ್ಷ ಹಿಂದೆ ಸೇನೆಗಳಲ್ಲಿ ಸೇವೆ ಮಾಡುತ್ತಿರುವ ಸಭಾಪಾಲಕರಿಗೆ, ಆಂಗ್ಲಿಕನ್ ಸಭೆಯ ಪಡೆಬಿಷಪ್ ದಯಾವತಿ ಜತ್ತನ್ನಳ ವಂದನೆಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ಕಡಲಲ್ಲೇ ಬದುಕುವ ನಾವು ಹುಣ್ಣಿಮೆಯಿಂದ ಹುಣ್ಣಿಮೆಗೆ ತಿಂಗಳು ಎಣಿಸುತ್ತೇವೆ, ಕೆಲವು ವರ್ಷ ಹದಿಮೂರಾಗುತ್ತವೆ. ನನ್ನ ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ತೇಲುಪಾಳ್ಯವೆಂದರೆ ನೀರಿನ ಮೇಲೆ ಕಟ್ಟಿದ ದಂಡಿನ ಊರು. ಪಡೆಬಿಷಪ್ ಎಂದರೆ ನೌಕಾಪಡೆಯ ಪಾದ್ರಿಗಳಾದ ಸಭಾಪಾಲಕರಿಗೆಲ್ಲ ಹಿರಿಯಳು. ಹೆಂಗಸಾದರೂ ನನ್ನನ್ನು ಎಲ್ಲರೂ ಅಯ್ಯನವರೇ ಎಂದೇ ಕರೆಯುತ್ತಾರೆ. ಬೆಳಗಿನ ಪ್ರಾರ್ಥನೆ ಮುಗಿಸಿ, ಪಾತ್ರೆ ತೊಳೆಯುವವರ ಜೊತೆ ಕೂತು ಸಮುದ್ರಪಾಚಿಯ ರೊಟ್ಟಿ ತಿನ್ನುತ್ತೇನೆ. ಅದರ ರುಚಿಯ ಬಗ್ಗೆ ಹೇಳದಿರುವುದೇ ವಾಸಿ.

ನಮಗೆ ಆಯುಧವಿಲ್ಲ, ಹುದ್ದೆಯೂ ಇಲ್ಲ. ಯಾರ ಮುಂದೆ ಕೂತಿರುತ್ತೇವೋ ಅವರಿಗೆ ಸಮಾನರು: ಅಡ್ಮಿರಲ್ ಮುಂದೆ ಅಡ್ಮಿರಲ್, ಅಡುಗೆಯವನ ಮುಂದೆ ಅಡುಗೆಯವಳು. ಹಳೆಯ ಹಡಗುಗಳಿಂದ ಬಂದ ಪದ್ಧತಿ ಇದು. ಅದಕ್ಕೇ ಜನ ನಮ್ಮ ಹತ್ತಿರ ಬಾಯಿಬಿಡುತ್ತಾರೆ.

ಕಳೆದ ವಾರ ಮುಳುಗುಪಡೆಯ ರುಕ್ಸಾನಾ ನದಾಫ್ ಬಂದು ಕೂತಳು. ನನ್ನ ಸಭೆಯವಳಲ್ಲ, ಸಂಕಟಕ್ಕೆ ಸಭೆ ಯಾವುದು? ನೀರಡಿಯಲ್ಲಿ ಗಾಳಿ ಮುಗಿದು ಒದ್ದಾಡುತ್ತಿದ್ದ ವೈರಿಯೊಬ್ಬನಿಗೆ ತನ್ನ ಉಸಿರುಕೊಳವೆ ಕೊಟ್ಟು, ಆಮೇಲೆ ಅವನನ್ನು ಹೋಗಲು ಬಿಟ್ಟಿದ್ದಳು.

"ತಪ್ಪು ಮಾಡಿದೆನಾ, ಅಯ್ಯನವರೇ?" ಎಂದಳು.

ನನಗೆ ಅಳುವೇ ಬಂತು. ಇಲ್ಲ ಮಗಳೇ ಎಂದೆ. ಗೊತ್ತಾದರೆ ಅವಳಿಗೆ ಜೈಲು ಖಂಡಿತ. ಇದನ್ನು ನಿಮಗೆ ಬರೆಯಲು ಅವಳೇ ಒಪ್ಪಿದಳು. ಸತ್ತು ನೂರು ವರ್ಷವಾದವರು ಯಾರ ಹತ್ತಿರ ಚಾಡಿ ಹೇಳುತ್ತಾರೆ ಎಂದು ನಕ್ಕಳು.

ಮೊನ್ನೆ ಅಡ್ಮಿರಲ್ ವಿಠೋಬ ಸೈಲ್ ಕರೆದರು. ಒಳ್ಳೆಯ ಮನುಷ್ಯ. ಇನ್ನು ಮೇಲೆ ಸಭಾಪಾಲಕರಿಗೂ ಹುದ್ದೆಯುಂಟು, ಭುಜಕ್ಕೆ ನಕ್ಷತ್ರವುಂಟು ಎಂದು ಸಂತೋಷದಿಂದಲೇ ಹೇಳಿದರು. ಸುಳ್ಳೇಕೆ, ನನಗೂ ಒಂದು ಕ್ಷಣ ಆಸೆಯಾಯಿತು. ಆದರೆ ನಕ್ಷತ್ರ ತೊಟ್ಟವರು ಕಿವಿಗೆ ಬಿದ್ದ ತಪ್ಪನ್ನೆಲ್ಲ ಮೇಲಕ್ಕೆ ವರದಿ ಮಾಡಲೇಬೇಕು. ಅದು ಪಡೆಯ ಕಾನೂನು. ಬೇಡವೆಂದೆ. ಹಾಗಾದರೆ ನಿಮಗಿಲ್ಲಿ ಜಾಗವಿಲ್ಲ ಎಂದರು, ನನ್ನ ಮುಖ ನೋಡದೆ. ನನ್ನ ಸಭಾಪಾಲಕರಿಗೆ ವಿಷಯ ತಿಳಿಸಿ, ನಿಮ್ಮ ನಿಮ್ಮ ಮನಸ್ಸಿಗೆ ಬಿಟ್ಟಿದ್ದು ಎಂದೆ. ಒಬ್ಬರೂ ನಕ್ಷತ್ರ ಮುಟ್ಟಲಿಲ್ಲ. ಇವತ್ತು ಎಲ್ಲರೂ ಗಂಟುಮೂಟೆ ಕಟ್ಟಿ ದಡಕ್ಕೆ ಹೊರಟಿದ್ದೇವೆ. ರುಕ್ಸಾನಾಳಂಥವರು ಇನ್ನು ಯಾರ ಹತ್ತಿರ ಹೋಗಬೇಕು?

ಆದ್ದರಿಂದ ನಿಮ್ಮಲ್ಲಿ ಒಂದೇ ಬೇಡಿಕೆ. ಸಭಾಪಾಲಕರಿಗೆ ಹುದ್ದೆಯಿಲ್ಲ, ಅವರು ಕೇಳಿದ್ದು ಅವರಲ್ಲೇ ಉಳಿಯಬೇಕು ಎಂಬುದನ್ನು ನಿಮ್ಮ ಕಾಲದಲ್ಲೇ ಕಾನೂನಾಗಿ ಬರೆಸಿಡಿ. ನಾವು ಬರೀ ಪದ್ಧತಿಯನ್ನು ನೆಚ್ಚಿಕೊಂಡು ಕೆಟ್ಟೆವು.

ಇಷ್ಟು ಬರೆಯುವಷ್ಟರಲ್ಲಿ ಅಡ್ಮಿರಲ್ ಒಬ್ಬರೇ ಬಂದರು. ಭುಜದ ನಕ್ಷತ್ರಗಳನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡಿದ್ದರು.

"ದೋಣಿ ಹೊರಡುವ ಮುಂಚೆ ನನ್ನದೂ ಒಂದು ಮಾತಿದೆ, ಅಯ್ಯನವರೇ."

ಕೂರಿಸಿ ಕೇಳಿದೆ. ಬಹಳ ಹೊತ್ತು ಹೇಳಿದರು, ಅತ್ತರು. ಏನು ಹೇಳಿದರೆಂದು ನಿಮಗೂ ಬರೆಯಲಾರೆ.

ದೋಣಿ ಕಾಯುತ್ತಿದೆ. ಬರುತ್ತೇನೆ.