ತೊಟ್ಟಿಲಿನ ಹೊಳಪು

ಹುನಗುಂದ, ೧೯೮೧

ಮಗಳೇ ಗುರುಲಿಂಗವ್ವಾ,

ಹೇಳದೆ ಮದುವೆಯಾದೆಯೆಂಬ ಸಿಟ್ಟಿಗೆ ಚೊಚ್ಚಲ ಬಾಣಂತನಕ್ಕೂ ನಿನ್ನನ್ನು ತವರಿಗೆ ಕರೆಯಲಿಲ್ಲ. ಆದರೆ ಕೂಸು ಹುಟ್ಟಿದ ಸುದ್ದಿ ಬಂದ ದಿನವೇ ತೊಟ್ಟಿಲು ಮಾಡಲು ಕೂತೆ. ಮರದ ಕೆಲಸ ಎಂಟು ದಿನಕ್ಕೆ ಮುಗಿಯಿತು. ಬಣ್ಣ ಮುಗಿಯುತ್ತಲೇ ಇಲ್ಲ. ಕೈಯಾಡಿಸಿದರೆ ಎಲ್ಲೂ ತಡೆಯಬಾರದು, ಮುಖ ಕಾಣುವಂತೆ ಹೊಳೆಯಬೇಕು. ಒಮ್ಮೆ ಬಸ್ಸಿನ ಧೂಳು ಕೂತಿತು, ಒಮ್ಮೆ ಕುಂಚದ ಕೂದಲು ಅಂಟಿತು. ಪ್ರತಿಸಲವೂ ಉಪ್ಪುಕಾಗದದಿಂದ ತಿಕ್ಕಿ ಮತ್ತೆ ಬಳಿದೆ.

ಇವತ್ತು ಬೆಳಿಗ್ಗೆ ಕನ್ನಡಿಯಂತೆ ಬಂದಿತ್ತು. ನಿಮ್ಮವ್ವ, "ಒಣಗಿದ ಕೂಡ್ಲೆ ಇಳಕಲ್ಲಿಗೆ ಒಯ್ದು ಕೊಟ್ಟು ಬರ್ರಿ. ಕೂಸು ಆಗ್ಲೇ ನಡ್ಯಾಕ ಹತ್ತೈತಂತ," ಎಂದಳು.

ಹಸಿ ಇದೆಯೆಂದು ಗೊತ್ತಿದ್ದೂ ಹೆಬ್ಬೆರಳು ಒತ್ತಿದೆ. ಗುರುತು ಮೂಡಿತು.

"ನೋಡಿಲ್ಲೆ, ಕಲಿ ಬಿತ್ತು. ಇನ್ನೊಂದ್ ಕೋಟ್ ಹಚ್ಚಬೇಕು," ಎಂದೆ.