ಉಸಿರಿನ ಪುಸ್ತಕದ ಕೆಂಪು ಹೂವುಗಳು

ಅಮ್ಮಾ,

ಕೆಲಸಕ್ಕೆ ಹೊರಟಿದ್ದೇನೆ, ನಿನ್ನನ್ನು ಎಬ್ಬಿಸಲಿಲ್ಲ. ಎಬ್ಬಿಸಿದ್ದರೆ ಜಗಳವೇ ಆಗುತ್ತಿತ್ತು.

ಕೊನೊಮಿ ದಿನಾ ಉಸಿರಳೆಯುವ ಕೊಳವೆ ಊದಿ ಅಂಕಿ ಬರೆಯುವ ಆಸ್ತಮಾ ಪುಸ್ತಕದಲ್ಲಿ ಎರಡು ತಿಂಗಳಿಂದ ಒಂದು ದಿನವೂ ಇನ್ನೂರಕ್ಕಿಂತ ಕಡಿಮೆ ಇಲ್ಲ. ಅದನ್ನು ನಂಬಿ ಡಾಕ್ಟರು ಔಷಧಿ ಅರ್ಧ ಮಾಡಿದರು. ಮೊನ್ನೆ ಅವಳು ಶಾಲೆಯ ಮೆಟ್ಟಿಲ ಮೇಲೆ ಏದುಸಿರು ಬಿಡುತ್ತಾ ಕುಸಿದು ಕುಳಿತಳು. ನಿನ್ನೆ ಗದರಿಸಿದ ಮೇಲೆ ಬಾಯಿಬಿಟ್ಟಳು: "ಎಷ್ಟು ಊದಿದ್ರೂ ನೂರೈವತ್ತು ದಾಟಲ್ಲಮ್ಮ. ಇನ್ನೂರು ಅಂತ ಬರೆದ್ರೆ ಅಜ್ಜಿ ಪಕ್ಕದಲ್ಲಿ ಶಾಲೇಲಿ ಶಭಾಷ್ ಅಂತ ಹಾಕೋ ಹಾಗೆ ಕೆಂಪು ಹೂವು ಹಾಕ್ತಾರೆ."

ನೀನು ಮೇಷ್ಟ್ರಗಿರಿ ಬಿಟ್ಟು ಒಂಬತ್ತು ವರ್ಷವಾಯಿತು. ನಿನ್ನ ಕೆಂಪು ಪೆನ್ನಿಗೆ ಇನ್ನೂ ನಿವೃತ್ತಿಯಿಲ್ಲವೇ? ಏಳು ವರ್ಷದ ಮಗುವಿನ ಉಸಿರೇನು ಪರೀಕ್ಷೆಯ ಅಂಕವೇ?

ಇನ್ನು ಮೇಲೆ ಅವಳು ಕೊಳವೆ ಊದುವಾಗ ಪಕ್ಕದಲ್ಲೇ ಇರು. ಇನ್‌ಹೇಲರಿನ ಔಷಧಿ ಒಳಗೆಳೆದುಕೊಳ್ಳುವ ಮೊದಲು, ನಿಂತುಕೊಂಡು, ಮೂರು ಸಲ ಊದಬೇಕು. ಮೂರರಲ್ಲಿ ಜಾಸ್ತಿ ಬಂದ ಅಂಕಿಯನ್ನು ನೀನೇ ನೋಡಿ ಬರೆ. ಡಾಕ್ಟರಿಗೆ ಎಲ್ಲ ಹೇಳಿದ್ದೇನೆ. ಕಿತ್ತಳೆ ಬಣ್ಣದ ಇನ್‌ಹೇಲರ್ ಮತ್ತೆ ಮೊದಲಿನಷ್ಟೇ. ಅದನ್ನು ಎಳೆದುಕೊಂಡ ಮೇಲೆ ಬಾಯಿ ಮುಕ್ಕಳಿಸಲಿ. ಅವಳು ಮನೆಯಲ್ಲಿರುವಾಗ ಹಾಸಿಗೆ ಬಡಿದು ಧೂಳೆಬ್ಬಿಸಬೇಡ. ಎಷ್ಟು ಸಲ ಹೇಳಲಿ?

ಮಿಸೊ ಸಾರು ಒಲೆಯ ಮೇಲಿದೆ. ನಿನ್ನ ಬಿ.ಪಿ.ಗೆಂದು ಉಪ್ಪು ಕಡಿಮೆ ಹಾಕಿದ್ದೇನೆ.

ಚಿಕ್ಕವಳಿದ್ದಾಗ, ಹಾಜರಿ ತಪ್ಪಿಸದಿದ್ದರೆ ನೀನು ಹಾಕುತ್ತಿದ್ದ ಹೂವಿನಾಸೆಗೆ ನಾನೂ ಜ್ವರ ಮುಚ್ಚಿಟ್ಟು ಶಾಲೆಗೆ ಹೋಗುತ್ತಿದ್ದೆ. ನಿನಗೆ ಗೊತ್ತೇ ಆಗಲಿಲ್ಲ.

ಇವತ್ತು ನನ್ನೆದುರು ಊದಿದಳು. ನೂರ ಮೂವತ್ತು. ಅಳುತ್ತಲೇ ಅಷ್ಟನ್ನೇ ಬರೆದು, ಮತ್ತೆ ಮಲಗಿದ್ದಾಳೆ. ಶಾಲೆಗೆ ರಜೆ ಹೇಳಿದ್ದೇನೆ. ಅವಳು ಏಳುವುದರೊಳಗೆ ಆ ನೂರ ಮೂವತ್ತರ ಪಕ್ಕ ಹೂವು ಹಾಕಿಡು. ದೊಡ್ಡದು.